ಬೇಕರಿಯ ಹಿಂಗೋಡೆಯ ಫ್ಯಾನಿಗೆ ಒಂದು ದೂರು

ಬೆಳಗಿನಿಂದ ಸಂಜೆಯವರೆಗೆ ದಣಿವೆಂಬುದನ್ನೇ ಅರಿಯದೆ ತಿರುಗುವ, ಬೇಕರಿಯ ಹಿಂಗೋಡೆಯ ಫ್ಯಾನ್ ಮಹಾಶಯರ ಸನ್ನಿಧಾನಕ್ಕೆ, ಓಣಿಯಾಚೆಯ ಕನ್ನಡಕದ ಅಂಗಡಿಯವನ ಸವಿನಯ ನಮಸ್ಕಾರಗಳು.

ಮಾನ್ಯರೇ,

ಹೊಟ್ಟೆಯುಬ್ಬರ ತಾಳಲಾರದೆ ನಾನು ಡಾಕ್ಟರ ಬಳಿ ಹೋದದ್ದು, ಅವರು ಆರು ವಾರ ಗೋಧಿ, ಹಾಲು ಎರಡನ್ನೂ ಬಿಡಿ ಎಂದದ್ದು, ‘ನೀವೊಬ್ರೇ ಯಾಕೆ ಕಷ್ಟಪಡ್ತೀರಿ, ನಾನೂ ಬಿಡ್ತೀನಿ’ ಎಂದು ನನ್ನ ಹೆಂಡತಿಯೂ ಜೊತೆಗೂಡಿದ್ದು ತಮಗೆ ತಿಳಿದಿರಲಾರದು. ತಮ್ಮ ಗಾಳಿ ನೇರವಾಗಿ ನನ್ನ ಕಣ್ಣು ಪರೀಕ್ಷೆಯ ಕೋಣೆಗೇ ನುಗ್ಗುತ್ತದೆಂಬುದು ಮಾತ್ರ ತಮಗೆ ಚೆನ್ನಾಗಿ ಗೊತ್ತಿದೆಯೆಂದು ನನ್ನ ಗುಮಾನಿ.

ಮೂರನೆಯ ದಿನ ತಲೆ ಸಿಡಿಯತೊಡಗಿತು. ಸ್ಕ್ರೂ ಬಿಗಿಯುವಾಗ ಎರಡು ಫ್ರೇಮು ಮುರಿದೆ. ನಾಲ್ಕನೆಯ ದಿನ, ತಾವು ಬಿಸಿ ಬನ್ನಿನ ಪರಿಮಳವನ್ನು ಉದಾರವಾಗಿ ದಯಪಾಲಿಸುತ್ತಿದ್ದಾಗಲೇ, ನಿವೃತ್ತ ಮೇಷ್ಟ್ರೊಬ್ಬರಿಗೆ ಫಲಕದ ‘ಹ’, ‘ಲ’ ಅಕ್ಷರಗಳನ್ನು ತೋರಿಸಿ ‘ಹಾಲು’ ಎಂದು ನಾನೇ ಓದಿಬಿಟ್ಟೆ. ಅವರು ಎದ್ದು ನನ್ನನ್ನೇ ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟರು. ಐದನೆಯ ದಿನ, ಡಬ್ಬಿಯ ಮುಚ್ಚಳ ಬಿಗಿಯಾಗಿದೆಯೆಂಬ ಘನವಾದ ಕಾರಣಕ್ಕೆ ಹೆಂಡತಿಯ ಮೇಲೆ ಹರಿಹಾಯ್ದೆ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಮೊದಲ ಸಲ ಅವಳು ಮಾತು ಬಿಟ್ಟಳು. ಅವಳಿಗೆ ತಲೆನೋವಿಲ್ಲ, ಸಿಡುಕಿಲ್ಲ; ನನಗೆ ಅದೇ ಇನ್ನಷ್ಟು ಉರಿ.

ಏಳನೆಯ ದಿನ ಸಂಜೆ ನಾಲ್ಕಕ್ಕೆ, ತಮ್ಮನ್ನು ಮುಖಾಮುಖಿ ಬೈಯಲೆಂದೇ ಓಣಿಗೆ ಇಳಿದೆ (ಹಾಗೆಂದು ಹೇಳಿಕೊಂಡಿದ್ದೇನೆ). ತಮ್ಮ ಕೆಳಗೆ, ಖಾಲಿ ಕ್ರೇಟಿನ ಮೇಲೆ, ನನ್ನ ಹೆಂಡತಿ ಕಣ್ಣು ಮುಚ್ಚಿ ಕುಳಿತಿದ್ದಳು. ನನ್ನನ್ನು ಕಂಡು, ‘ತಿಂದಿಲ್ಲ ಕಣ್ರೀ, ಬರೀ ಉಸಿರಾಡ್ತಿದ್ದೀನಿ’ ಎಂದಳು. ಅವಳ ತಲೆಯೂ ಮೂರನೆಯ ದಿನದಿಂದಲೇ ಸಿಡಿಯುತ್ತಿತ್ತಂತೆ. ಹೇಳಿದರೆ ಅದೇ ನೆಪದಲ್ಲಿ ನಾನು ಪಥ್ಯ ಮುರಿದೇನೆಂದು ಬಾಯಿ ಬಿಟ್ಟಿರಲಿಲ್ಲವಂತೆ. ನಾನು ಇನ್ನೊಂದು ಕ್ರೇಟು ಎಳೆದುಕೊಂಡೆ. ಬನ್ನಿನ ಸರದಿ ಮುಗಿದು ಬಿಸ್ಕತ್ತಿನದು ಶುರುವಾಗುವವರೆಗೂ ಕುಳಿತೇ ಇದ್ದೆವು.

ಈಗ ತಲೆನೋವು ಇಳಿದಿದೆ, ಹೊಟ್ಟೆಯೂ ಇಳಿದಿದೆ. ಆಸೆ ಮಾತ್ರ ಇಳಿದಿಲ್ಲ. ಆದ್ದರಿಂದ, ಇನ್ನುಳಿದ ನಾಲ್ಕು ವಾರ ತಾವು ಗಾಳಿಯನ್ನು ಹೊರಗೆ ಬಿಡದೆ ಒಳಗೇ ನುಂಗಿಕೊಳ್ಳಬೇಕು. ಆಗದಿದ್ದರೆ ಊರಿನ ಎಲ್ಲ ಮೂಗುಗಳಿಗೂ ಸಮನಾಗಿ ಹಂಚಬೇಕು. ಅದೂ ಆಗದಿದ್ದರೆ, ನಾಲ್ಕರಿಂದ ನಾಲ್ಕೂವರೆಯವರೆಗೆ ಮಾತ್ರ ದಯವಿಟ್ಟು ಕೆಟ್ಟು ನಿಲ್ಲಬಾರದೆಂದು ನಮ್ಮಿಬ್ಬರ ಪ್ರಾರ್ಥನೆ.

ತಮ್ಮ ವಿಶ್ವಾಸಿ,
ಮೂಗಿನಿಂದಲೇ ಊಟ ಮಾಡುತ್ತಿರುವ ನೆರೆಯವನು

ತಾ.ಕ.: ತಮ್ಮ ಯಜಮಾನರಿಗೆ ಗುಟ್ಟಾಗಿ ತಿಳಿಸಿ: ಕಳೆದ ಗುರುವಾರದ ‘ಶುದ್ಧ ಬೆಣ್ಣೆ ಬಿಸ್ಕತ್ತಿ’ನಲ್ಲಿ ಇದ್ದದ್ದು ವನಸ್ಪತಿ. ಕೊಂಡು ತಿಂದವರು ಒಬ್ಬರೂ ದೂರಲಿಲ್ಲ. ಗೋಡೆಯಾಚೆ ಕ್ರೇಟಿನ ಮೇಲೆ ಕುಳಿತಿದ್ದ ಇಬ್ಬರು ಮಾತ್ರ ಅರ್ಧಕ್ಕೇ ಎದ್ದುಹೋದರು.