ಮೂಲಂಗಿಯಲ್ಲಿ ಫೇಲಾದ ಮಾವ

ಮ್ಯಾಟ್ರಿಕ್‌ನಲ್ಲಿ ಫೇಲಾದವರನ್ನು ನೀವು ನೋಡಿರುತ್ತೀರಿ. ಡ್ರೈವಿಂಗ್ ಟೆಸ್ಟಿನಲ್ಲಿ ಫೇಲಾದವರನ್ನೂ ನೋಡಿರುತ್ತೀರಿ. ಮೂಲಂಗಿಯಲ್ಲಿ ಫೇಲಾದವರನ್ನು ನೋಡಿದ್ದೀರಾ? ಅದೂ ಒಂದಲ್ಲ, ಮೂರು ಸಲ? ಇಲ್ಲವೆಂದರೆ ನಿಮಗೆ ನನ್ನ ಸೋದರಮಾವನ ಪರಿಚಯವಿಲ್ಲ!

ಉಡುಪಿ ಕಡೆಯಿಂದ ಬಂದ ಮಾವ ಮುಂಬೈಯ ಒಂದೇ ಹೋಟೆಲಿನಲ್ಲಿ ನಲವತ್ತು ವರ್ಷ ದುಡಿದವರು, ಅದರಲ್ಲಿ ಹೆಚ್ಚಿನ ಕಾಲ ಮ್ಯಾನೇಜರ್ ಆಗಿ. ನಾವು ಚಿಕ್ಕವರಿದ್ದಾಗ ಭಾನುವಾರ ಕಾಂದಿವಲಿಯಿಂದ ಲೋಕಲ್ ಹಿಡಿದು ಅಲ್ಲಿಗೆ ಹೋಗುವುದೇ ನಮಗೆ ಹಬ್ಬ. ಗಲ್ಲಾದ ಹಿಂದೆ ಇಸ್ತ್ರಿ ಮುರಿಯದ ಬಿಳಿ ಅಂಗಿಯ ಮಾವ. ಕೂತಲ್ಲಿಂದಲೇ "ಮಕ್ಕಳಿಗೆ ಎರಡು ಬನ್ಸ್!" ಎಂದು ಅವರು ಕೂಗಿದರೆ ಒಳಗೆ ಎಣ್ಣೆ ತನ್ನಷ್ಟಕ್ಕೇ ಕಾಯುತ್ತದೆಂದು ನಾನು ನಂಬಿದ್ದೆ. ಆ ಬಿಸಿ ಬನ್ಸ್ ಮುರಿದಾಗ ಬರುತ್ತಿದ್ದ ಬಾಳೆಹಣ್ಣಿನ ಘಮ ಈಗ ಯಾವ ಹೋಟೆಲಿನಲ್ಲೂ ಇಲ್ಲ ಬಿಡಿ.

ಲಾಕ್‌ಡೌನ್ ಕಳೆದು ಒಂದು ವರ್ಷಕ್ಕೆ ಮಾವ ಕೆಲಸ ಬಿಟ್ಟು, ವಡಾಲದಲ್ಲಿದ್ದ ಒಂದು ರೂಮು-ಕಿಚನ್ನಿನ ತಮ್ಮ ಮನೆಯಲ್ಲಿ ಕೂತರು. ಕೂತರು ಅನ್ನುವುದು ಮಾತಿಗೆ ಅಷ್ಟೆ. ಬೆಳಿಗ್ಗೆ ಎದ್ದವರೇ ಅತ್ತೆಯ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಇವತ್ತು ಚಟ್ನಿಗೆ ಯಾರು?" ಎಂದು ಕೇಳುವುದು! ಮನೆಯಲ್ಲಿ ಇದ್ದದ್ದೇ ಅತ್ತೆ ಒಬ್ಬರು. ಒಂದು ತಿಂಗಳು ತಡೆದುಕೊಂಡ ಅತ್ತೆ, ಹತ್ತಿರದ ಪಾರ್ಕಿನಲ್ಲಿ ಸ್ವಯಂಸೇವಕರಿಗೆ ತೋಟದ ಕೆಲಸ ಕಲಿಸುತ್ತಾರೆಂಬ ಬೋರ್ಡು ಕಂಡದ್ದೇ ತಡ, ಮಾವನ ಹೆಸರು ಬರೆಸಿ ಬಂದರು. ಭಾನುವಾರ ಭಾನುವಾರ ಕ್ಲಾಸು. ಕೊನೆಗೊಂದು ಪರೀಕ್ಷೆ. ಪಾಸಾದವರಿಗೆ ಪಾರ್ಕಿನಲ್ಲಿ ಬೆಳೆಸಿಕೊಳ್ಳಲು ಒಂದು ಪಾತಿ.

ಮಾವ ಕಲಿಯಲು ಹೋದವರು ಎರಡನೇ ವಾರಕ್ಕೇ ಮ್ಯಾನೇಜರ್ ಆಗಿಬಿಟ್ಟರು. "ಟೊಮೆಟೊಗೆ ಒಂದು ಫುಲ್! ಮೆಂತೆಗೆ ಹಾಫ್! ಬದನೆ ಟೇಬಲಿಗೆ ನೀರು ಯಾರು ಕೊಟ್ಟದ್ದು?" ಎಂದು ಅವರು ಕೂಗಿದರೆ ರಿಟೈರಾದ ಬ್ಯಾಂಕ್ ಆಫೀಸರುಗಳು ಕ್ಯಾನ್ ಹಿಡಿದು ಓಡುತ್ತಿದ್ದರಂತೆ. ಗೊಬ್ಬರ ಆಯಿತೇ ಇಲ್ಲವೇ ಎಂದು ನೋಡುವ ಕ್ರಮವೂ ಹೋಟೆಲಿನದ್ದೇ. ಮೂಸಿ ನೋಡಿ, ಬೆರಳಲ್ಲಿ ಉಜ್ಜಿ, "ಇನ್ನೂ ಹುಳಿ ಬರ್ಲಿಲ್ಲ, ನಾಳೆ ಹೊಯ್ಲಿಕ್ಕಾಗುದಿಲ್ಲ" ಎಂದು ತೀರ್ಪು ಕೊಡುತ್ತಿದ್ದರು. ಪಕ್ಕದಲ್ಲಿದ್ದ ಒಬ್ಬ ಹೆಂಗಸು ಆಮೇಲೆ ಒಂದು ತಿಂಗಳು ಇಡ್ಲಿ ಮುಟ್ಟಲಿಲ್ಲವಂತೆ.

ಎಲ್ಲದರಲ್ಲೂ ಮುಂದಿದ್ದ ಮಾವ ಮುಗ್ಗರಿಸಿದ್ದು ಪರೀಕ್ಷೆಯಲ್ಲಿ. ಒತ್ತೊತ್ತಾಗಿ ಹುಟ್ಟಿದ ಮೂಲಂಗಿ ಸಸಿಗಳಲ್ಲಿ ಗಟ್ಟಿಯಾದವನ್ನು ಉಳಿಸಿ, ಬಡಕಲಾದವನ್ನು ಕೀಳಬೇಕು. ಇಲ್ಲದಿದ್ದರೆ ಯಾವುದೂ ಗಡ್ಡೆ ಕಟ್ಟುವುದಿಲ್ಲ. ಇಷ್ಟೇ ಪರೀಕ್ಷೆ! ಮೊದಲ ಸಲ ಮಾವ ಅರ್ಧ ಗಂಟೆ ಕುಕ್ಕರಗಾಲಲ್ಲಿ ಕೂತು, ಎದ್ದು, ಕಲಿಸುವ ಹುಡುಗಿಗೆ "ಮ್ಯಾಡಂ, ಸಬ್ ಅಚ್ಛಾ ಹೈ" ಎಂದರು. ಫೇಲ್. ಎರಡನೇ ಸಲ ಒಂದನ್ನೂ ಕೀಳದೆ ಎಲ್ಲಕ್ಕೂ ಮಣ್ಣು ಏರಿಸಿ ಬಂದರು. ಫೇಲ್. ಮೂರನೇ ಸಲ ಕಿತ್ತರು. ಅಬ್ಬಾ ಎನ್ನುವಷ್ಟರಲ್ಲಿ, ಕಿತ್ತ ಸಸಿಗಳನ್ನೆಲ್ಲ ಮೆಲ್ಲಗೆ, ಪರೀಕ್ಷೆಗೇ ಕೂತಿದ್ದ ಪಕ್ಕದವರ ಪಾತಿಯಲ್ಲಿ ನೆಟ್ಟುಬಿಟ್ಟಿದ್ದರು. ಆ ಸಲ ಇಬ್ಬರು ಫೇಲ್!

"ಊರಿನ ಹೋಟೆಲೆಲ್ಲ ನಡೆಸಿದ ಹಾಗೆ ಮಾತಾಡ್ತೀರಿ, ಒಂದು ಮೂಲಂಗಿ ಕೀಳ್ಲಿಕ್ಕೆ ಬರುದಿಲ್ವಾ ನಿಮಗೆ?" ಎಂದರು ಅತ್ತೆ.

"ಬರುದಿಲ್ಲ ಅಂತ ಯಾರು ಹೇಳಿದ್ದು? ಮನಸ್ಸು ಬರುದಿಲ್ಲ."

"ಮನಸ್ಸು! ಕೊತ್ತಂಬರಿ ಬಿಡಿಸುವಾಗ ಎಲ್ಲಿ ಹೋಗಿತ್ತು ಈ ಮನಸ್ಸು?"

ಹೊಟ್ಟೆ ಹುಣ್ಣಾಗುವಷ್ಟು ನಕ್ಕವರಲ್ಲಿ ನಾನೂ ಒಬ್ಬಳು. ಆದರೆ ಮಾವನಿಗೆ ಆ ಪಾತಿ ಬೇಕಿತ್ತು. "ಬೆಳಿಗ್ಗೆ ಎದ್ದರೆ ಹೋಗ್ಲಿಕ್ಕೆ ಒಂದು ಜಾಗ ಬೇಕಲ್ವಾ ಮಾರಾಯ್ತಿ?" ಎಂದು ಒಮ್ಮೆ ನನ್ನೊಡನೆ ಹೇಳಿದ್ದರು. ನಾಲ್ಕನೇ ಸಲ ಕಲಿಸುವ ಹುಡುಗಿ, ಮುಲುಂಡ್‌ನಿಂದ ಬರುವ ಮರಾಠಿಯವಳು, ಪಾಪ, ಕೈಮುಗಿದೇ ಹೇಳಿದಳು: "ಕಾಕಾ, ಯೇ ಲಾಸ್ಟ್ ಚಾನ್ಸ್. ಬಹುತ್ ಲೋಗ್ ವೇಟಿಂಗ್ ಮೇ ಹೈ."

ಆ ಭಾನುವಾರ ಧೈರ್ಯಕ್ಕೆಂದು ನಾನೂ ಹೋದೆ. ಮಾವ ಪಾತಿಯ ಬದಿಯಲ್ಲಿ ಕೂತು ಒಂದು ಸಸಿ ಕಿತ್ತರು. ಏನೋ ಗೊಣಗಿದರು. ಇನ್ನೊಂದು ಕಿತ್ತರು, ಮತ್ತೆ ಗೊಣಗಿದರು. ದೇವರ ನಾಮವಿರಬೇಕೆಂದು ಹತ್ತಿರ ಹೋದರೆ, "ಶೇಖರ... ಸದಾಶಿವ... ದೊಡ್ಡ ಮಂಜ..."

"ಎಂತ ಮಾವ, ಮೂಲಂಗಿಗೆ ನಾಮಕರಣವಾ?" ಎಂದು ನಾನು ಕಿಸಕ್ಕನೆ ನಕ್ಕೆ. ಅವರು ತಲೆ ಎತ್ತಲಿಲ್ಲ. ಹತ್ತು ಹೆಸರು ಹೇಳಿ, ಹತ್ತು ಸಸಿ ಕಿತ್ತು ಎದ್ದರು. ಹುಡುಗಿ "ಕಾಕಾ ಪಾಸ್!" ಎಂದು ಕುಣಿದಳು. ಬ್ಯಾಂಕ್ ಆಫೀಸರುಗಳು ಚಪ್ಪಾಳೆ ತಟ್ಟಿದರು. ಮಾವ ಮಾತ್ರ ಹೋಗಿ ಬೆಂಚಿನ ಮೇಲೆ ಕೂತರು. ನಾನೂ ಹೋಗಿ ಪಕ್ಕದಲ್ಲಿ ಕೂತೆ.

"ಲಾಕ್‌ಡೌನ್ ಆದ ಮೇಲೆ ಧಣಿ ಹೇಳಿದ್ರು, ಹದಿನಾರು ಜನ ಬೇಡ, ಆರು ಸಾಕು ಅಂತ" ಎಂದರು ಮಾವ. "ಗಟ್ಟಿ ಇದ್ದವರನ್ನು ಇಟ್ಕೊಳ್ಳಿ, ಉಳಿದವರನ್ನು ಊರಿಗೆ ಕಳಿಸಿ ಅಂದ್ರು. ಪಟ್ಟಿ ಮಾಡಿದ್ದು ನಾನೇ. ಒಬ್ಬ ಸಹ ಎದುರು ಮಾತಾಡ್ಲಿಲ್ಲ. ಬ್ಯಾಗ್ ತಕೊಂಡು, ನಮಸ್ಕಾರ ಮಾಡಿ ಹೋದ್ರು."

ಇಷ್ಟು ದಿನ ನಕ್ಕದ್ದಕ್ಕೆ ನನಗೆ ನಾಚಿಕೆಯಾಯಿತು, ಅಳುವೂ ಬಂತು. "ಆಮೇಲೆ ಅವರಿಗೆ ಫೋನ್ ಮಾಡಿದ್ದೀರಾ?" ಎಂದು ಕೇಳಿದೆ.

"ಯಾವ ಮುಖ ಇಟ್ಕೊಂಡು ಮಾಡುದು?"

ಮಾವನ ಜೇಬಿನಿಂದ ಫೋನ್ ತೆಗೆದು, ಶೇಖರನ ಹೆಸರು ಹುಡುಕಿ ಒತ್ತಿದೆ. ಸ್ಪೀಕರ್ ಹಾಕಿ ಅವರ ಮಣ್ಣಿನ ಕೈಗೆ ಕೊಟ್ಟೆ. ನಾಲ್ಕು ರಿಂಗಿಗೇ ಆ ಕಡೆಯಿಂದ ಪಾರ್ಕಿಡೀ ಕೇಳುವ ಸ್ವರ ಬಂತು: "ಮ್ಯಾನೇಜರ್ರೇ! ಎಷ್ಟು ಸಮಯ ಆಯ್ತು ಮಾರಾಯ್ರೆ! ಹೇಗಿದ್ದೀರಿ? ಚಾ ಆಯ್ತಾ?"

ಗಲ್ಲಾದಲ್ಲಿ ಕೂತು ಒಳಗಿನ ಭಟ್ಟರನ್ನು ನಡುಗಿಸುತ್ತಿದ್ದ ಮಾವ, ನೀನು ಮಾತಾಡು ಎಂಬಂತೆ ಫೋನನ್ನು ನನ್ನ ಕಡೆ ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ.

"ಹಲೋ? ಹಲೋ? ಕೇಳ್ತದಾ? ಚಾ ಆಯ್ತಾ ಕೇಳಿದ್ದು ಮ್ಯಾನೇಜರ್ರೇ!"

"ಇಲ್ಲ ಶೇಖರ" ಎಂದರು ಮಾವ, ಫೋನನ್ನು ತಮ್ಮ ಬಾಯಿಯ ಹತ್ತಿರ ತಂದು. "ಇನ್ನೂ ಆಗ್ಲಿಲ್ಲ. ನಿಂದು ಆಯ್ತಾ?"