ಕಿಟ್ಟಣ್ಣನ ಕೂತ ಕಸರತ್ತು

“ಈ ಸಲ ವಾರ್ಷಿಕೋತ್ಸವದಲ್ಲಿ ಗುಂಡುಕಲ್ಲು ಎತ್ತುವವನು ನಾನೇ. ತೊಕ್ಕೊಟ್ಟಿನ ಅಂಗಾರನಿಗೆ ಹೇಳಿ, ಬೇಕಿದ್ದರೆ ಚಪ್ಪಾಳೆ ತಟ್ಟಲಿಕ್ಕೆ ಬರಲಿ.”

ಬೊಕ್ಕಪಟ್ಣದ ವ್ಯಾಯಾಮಶಾಲೆಯ ಅಂಗಳದಲ್ಲಿ ನಿಂತು, ಎದೆಗೆ ಅಂಟಿದ್ದ ಕೆಮ್ಮಣ್ಣನ್ನು ಒರೆಸದೆ, ಕಿಟ್ಟಣ್ಣ ಹೀಗೆ ಸಾರಿದಾಗ ಹೊರಗೆ ಆಷಾಢದ ಮಳೆ ಸುರಿಯುತ್ತಿತ್ತು. ಹೊಳೆಯಲ್ಲಿ ನೆರೆ ಬಂದು ಜನರನ್ನು ದಾಟಿಸುವ ಕಡವಿನ ದೋಣಿಯೂ ನಿಂತಿತ್ತು. ಆದರೂ ಸಂಜೆಯೊಳಗೆ ಆ ಮಾತು ನೇತ್ರಾವತಿಯ ಆಚೆ ದಡದ ತೊಕ್ಕೊಟ್ಟು ಮುಟ್ಟಿತ್ತು. ಈಜಿಕೊಂಡೇ ಹೋಗಿರಬೇಕು.

ಕಿಟ್ಟಣ್ಣ ಸಾಮಾನ್ಯ ಮನುಷ್ಯನಲ್ಲ. ಕಡಲಿಗೆ ಹೋಗುವ ದೊಡ್ಡ ದೋಣಿಯೊಂದರ ತಂಡೇಲ. ಚುಕ್ಕಾಣಿ ಅವನದು, ದೋಣಿಯಲ್ಲಿ ಕೊನೆಯ ಮಾತೂ ಅವನದು. ಬಾಗಿಲಿನಷ್ಟು ಅಗಲದ ಎದೆ, ತೆಂಗಿನ ಬುಡದಂಥ ತೊಡೆ. ಮಳೆಗಾಲದಲ್ಲಿ ದೋಣಿಗಳೆಲ್ಲ ದಡದಲ್ಲಿ ತೆಂಗಿನ ಮಡಲಿನ ಮರೆಯಲ್ಲಿ ಮಲಗಿರುವಾಗ ಅವನು ಮಾತ್ರ ಮಲಗದೆ ದಂಡ, ಬಸ್ಕಿ, ಮರದ ಲೋಡು ತಿರುಗಿಸುವುದು ಎಂದು ಬೆವರು ಸುರಿಸುತ್ತಿದ್ದ. ಇಷ್ಟೆಲ್ಲ ಸರಿಯಾಗಿದ್ದ ದೇಹದಲ್ಲಿ ಒಂದೇ ಒಂದು ದ್ರೋಹಿ ಇತ್ತು. ಅದು ಬಲಗಾಲಿನ ಮೊಣಗಂಟು.

ಕೆಲವು ಕಾಲದಿಂದ ಆ ಮೊಣಗಂಟು ಮಾತಾಡಲು ಶುರುಮಾಡಿತ್ತು. ಕೂರುವಾಗ ‘ಕರ್’ ಎನ್ನುತ್ತಿತ್ತು, ಏಳುವಾಗ ‘ಕಟ್’ ಎನ್ನುತ್ತಿತ್ತು. ಕಿಟ್ಟಣ್ಣ ಅದಕ್ಕೆ ಉತ್ತರವಾಗಿ ಇನ್ನಷ್ಟು ಬಸ್ಕಿ ಹೊಡೆಯುತ್ತಿದ್ದ. ನೋವನ್ನು ನೋವಿನಿಂದಲೇ ಹೆದರಿಸಿ ಓಡಿಸುವುದು ಅವನ ಶಾಸ್ತ್ರ. ಯಾರಿಗೂ ಹೇಳುವಂತಿರಲಿಲ್ಲ. ಶ್ರಾವಣದ ನೂಲಹುಣ್ಣಿಮೆಗೆ ಕಡಲಪೂಜೆ ಮುಗಿದ ಕೂಡಲೇ ದೋಣಿ ಇಳಿಯಬೇಕು. ಕಾಲು ಸೋತವನಿಗೆ ಚುಕ್ಕಾಣಿ ಯಾಕೆ ಎಂದು ಯಾರಾದರೂ ಒಬ್ಬ ಕೇಳಿದರೆ ಸಾಕು, ಅಪ್ಪನ ಕೈಯಿಂದ ಬಂದ ತಂಡೇಲಗಿರಿ ಬೇರೆಯವರ ಪಾಲಾಗುತ್ತದೆ ಎಂಬ ಭಯ ಅವನೊಳಗೆ ಕೂತಿತ್ತು.

ಆದರೆ ಹೆಂಡತಿ ದಮಯಂತಿಗೆ ಮೂಗು ಇತ್ತು.

“ಎಂತ ಇದು, ಕರ್ಪೂರದ ಎಣ್ಣೆಯ ವಾಸನೆ?”

“ಸೊಳ್ಳೆಗೆ ಹಚ್ಚಿದ್ದು.”

“ಸೊಳ್ಳೆ ಬಲಗಾಲಿಗೆ ಮಾತ್ರ ಕಚ್ಚುವುದಾ? ಇಕೊಳ್ಳಿ, ಗಂಟು ಬಾತಿದೆ. ನಾಲ್ಕು ದಿನ ಸುಮ್ಮನೆ ಇರಿ. ಆ ಕಲ್ಲು ನೀವು ಎತ್ತದಿದ್ದರೆ ಅದೇನು ಅಳ್ತದಾ?”

“ನಿನಗೆ ಗೊತ್ತಾಗುವುದಿಲ್ಲ ಮಾರಾಯ್ತಿ. ಇದು ಊರಿನ ಮರ್ಯಾದೆ.”

“ಊರಿನ ಮರ್ಯಾದೆ ನಿಮ್ಮ ಮೊಣಗಂಟಿನಲ್ಲಿ ಇಟ್ಟಿದ್ದಾರಾ?” ಎಂದು ಕೇಳಿ ದಮಯಂತಿ ಒಣಮೀನಿನ ಬುಟ್ಟಿಯನ್ನು ತಲೆಗೇರಿಸಿ ಮಣ್ಣಗುಡ್ಡದ ಕಡೆಗೆ ಹೊರಟುಹೋದಳು. ದಿನವೂ ಬೆಳಿಗ್ಗೆ ಅಲ್ಲಿನ ಪೇಟೆಯಲ್ಲಿ ಕೂತು ಮೀನು ಮಾರಿ ಮಧ್ಯಾಹ್ನಕ್ಕೆ ಬರುವುದು ಅವಳ ವಾಡಿಕೆ.

ಅವಳ ಬೆನ್ನು ತಿರುವಿನಲ್ಲಿ ಮರೆಯಾದದ್ದೇ ತಡ, ಕಿಟ್ಟಣ್ಣ ಅಡುಗೆಮನೆಗೆ ನುಗ್ಗಿದ. ವ್ಯಾಯಾಮಶಾಲೆಯ ಗುಂಡುಕಲ್ಲನ್ನು ಮನೆಗೆ ತರಲಾಗದು. ಆದರೆ ಮಸಾಲೆ ಅರೆಯುವ ಕಲ್ಲಿನಲ್ಲಿಯೂ ಒಂದು ಗುಂಡು ಇರುತ್ತದಲ್ಲ. ಅದನ್ನು ಎತ್ತಿ ಎದೆಗೆ ಅವಚಿಕೊಂಡು ಜಗಲಿಗೆ ಬಂದ. ಕೊತ್ತಂಬರಿ, ಬೆಳ್ಳುಳ್ಳಿಯ ಪರಿಮಳ ಮೂಗಿಗೆ ಬಡಿಯಿತು. ಭೀಮಸೇನನೂ ಅಡುಗೆಮನೆಯಿಂದಲೇ ಮೇಲೆ ಬಂದವನು ಎಂದು ತನಗೆ ತಾನೇ ಹೇಳಿಕೊಂಡು, ಉಸಿರು ಕಟ್ಟಿ, ಮೈ ಬಿಸಿಮಾಡಿಕೊಳ್ಳುವ ಗೋಜಿಗೆ ಹೋಗದೆ, ಒಮ್ಮೆಗೇ ಕುಕ್ಕರುಗಾಲಿಗೆ ಇಳಿದ.

‘ಕರ್’ ಎಂಬ ಸದ್ದು ಬಂತು. ‘ಕಟ್’ ಬರಲಿಲ್ಲ.

ಕಿಟ್ಟಣ್ಣ ಏಳಲು ಹೋದ. ಮೊಣಗಂಟು ಒಪ್ಪಲಿಲ್ಲ. ಗುಂಡನ್ನು ಮೆಲ್ಲನೆ ಪಕ್ಕಕ್ಕೆ ಇಟ್ಟು ಮತ್ತೆ ಪ್ರಯತ್ನಿಸಿದ. ತುಕ್ಕು ಹಿಡಿದ ಬೀಗದ ಹಾಗೆ ಗಂಟು ಜಾಮಾಗಿತ್ತು. ಮುಂದೆ ಬಾಗಿದರೆ ಮಿಂಚು ಹೊಡೆದಂಥ ನೋವು. ಇನ್ನೂ ಬಾಗಿದರೆ ಜಗಲಿಯಿಂದ ಚರಂಡಿಗೆ. ಕೂತಲ್ಲೇ ಕೂರುವುದೊಂದೇ ದಾರಿ. ಅವನು ಬೀದಿಗೆ ಮುಖ ಮಾಡಿಕೊಂಡು, ಕಪ್ಪೆಯಂತೆ, ಮಳೆ ನೋಡುತ್ತ ಕೂತ.

ಅಷ್ಟರಲ್ಲಿ ಕೊಡೆ ಹಿಡಿದುಕೊಂಡು ಅಹ್ಮದ್ ಬಾವ ಬಂದ. ಬಂದರಿನಲ್ಲಿ ಒಣಮೀನಿನ ವ್ಯಾಪಾರಿ. ಕಿಟ್ಟಣ್ಣನಿಗೆ ಬಾಲ್ಯದ ಸ್ನೇಹಿತ. ಒಳ್ಳೆಯ ಮನುಷ್ಯ, ಆದರೆ ಅವನಿಗೆ ತಿಳಿದದ್ದು ಊರಿಗೆ ತಿಳಿದಂತೆ.

“ಎಂತ ಕಿಟ್ಟಣ್ಣ, ಎಂತ ಮಾಡ್ತಾ ಇದ್ದೀರಿ?”

“ಕೂತಿದ್ದೇನೆ.”

“ಅದು ಕಾಣ್ತದೆ. ಯಾಕೆ ಹೀಗೆ?”

ನಿಜ ಹೇಳಲು ಕಿಟ್ಟಣ್ಣ ಬಾಯಿ ತೆರೆದ. ಆದರೆ ಆ ಬಾಯಿಗೆ ನಿಜದ ಅಭ್ಯಾಸ ಕಡಿಮೆ. “ಇದು ಹೊಸ ಕಸರತ್ತು ಬಾವ. ಬಸ್ಕಿಯಲ್ಲಿ ಕೂತು ಏಳುವುದು ಎಲ್ಲರಿಗೂ ಬರ್ತದೆ. ಕೂತು ಏಳದೆ ಇರುವುದರಲ್ಲಿ ಉಂಟು ಶಕ್ತಿ.”

ಬಾವನಿಗೆ ಕುತೂಹಲ ಹುಟ್ಟಿತು. ಕೊಡೆ ಮಡಚಿ, ಮುಂಡು ಎತ್ತಿ ಕಟ್ಟಿ, ಪಕ್ಕದಲ್ಲಿ ತಾನೂ ಕೂತ. ಸ್ವಲ್ಪ ಹೊತ್ತಿನಲ್ಲೇ ತೊಡೆ ನಡುಗಿ ಅವನು ಅಂಗಾತ ಬಿದ್ದ. ಬಿದ್ದಲ್ಲಿಂದಲೇ ಗೆಳೆಯನ ಮುಖ ನೋಡಿದ. ಕಿಟ್ಟಣ್ಣ ಅಲುಗಾಡದೆ ಕೂತಿದ್ದ. ಹಣೆಯಲ್ಲಿ ಬೆವರು, ಕಣ್ಣಲ್ಲಿ ನೀರು.

“ಕಣ್ಣೀರು ಎಂತಕ್ಕೆ?”

“ಏಕಾಗ್ರತೆ.”

ಬಾವ ಎದ್ದು ಮೈ ಝಾಡಿಸಿಕೊಂಡು ನೇರ ಪೇಟೆಗೆ ಹೋದ. ಆಮೇಲೆ ಕಿಟ್ಟಣ್ಣನ ಜಗಲಿ ಬರಿದಾಗಲಿಲ್ಲ. ಮೊದಲು ಬಲೆ ಹೆಣೆಯುತ್ತಿದ್ದವರು ಬಂದರು. ಆಮೇಲೆ ಹಂಚಿನ ಕಾರ್ಖಾನೆಗೆ ಹೊರಟವರು. ಕೊನೆಗೆ ಕೊರಳಲ್ಲಿ ಸೀಟಿ ತೂಗಿಸಿಕೊಂಡು ವ್ಯಾಯಾಮಶಾಲೆಯ ಡ್ರಿಲ್ ಮಾಸ್ತರ ಅಲೆಕ್ಸ್ ಬಂದರು. ಕಿಟ್ಟಣ್ಣನ ಸುತ್ತ ಒಂದು ಪ್ರದಕ್ಷಿಣೆ ಬಂದು, ತೊಡೆಯನ್ನು ಬೆರಳಲ್ಲಿ ಒತ್ತಿ ನೋಡಿದರು. ತೊಡೆ ಜೋಮು ಹಿಡಿದು ಮರವಾಗಿತ್ತು.

“ಕಬ್ಬಿಣ,” ಎಂದರು ಮಾಸ್ತರು ಭಕ್ತಿಯಿಂದ. “ಎಷ್ಟು ಹೊತ್ತಿನಿಂದ ಕೂತಿದ್ದೀರಿ ಕಿಟ್ಟಣ್ಣ?”

“ಹೊತ್ತು ನೋಡಿಕೊಂಡು ಕೂರುವವ ನಾನಲ್ಲ.”

ಯಾರೋ ಸೇವಂತಿಗೆಯ ಮಾಲೆ ತಂದು ಹಾಕಿದರು. ಕಾಲಿನಲ್ಲಿ ಪ್ರಾಣ ಹೋಗುತ್ತಿದ್ದರೂ ಕಿಟ್ಟಣ್ಣನ ಎದೆ ಮಾತ್ರ ಉಬ್ಬುತ್ತಲೇ ಹೋಯಿತು. ಇಷ್ಟು ವರ್ಷ ಎದ್ದು ನಿಂತು, ಓಡಿ, ಭಾರ ಹೊತ್ತು ಸಿಗದ ಹೆಸರು ಇವತ್ತು ಸುಮ್ಮನೆ ಕೂತದ್ದಕ್ಕೆ ಸಿಕ್ಕಿತಲ್ಲ ಎಂದು ಅವನಿಗೇ ಆಶ್ಚರ್ಯ.

ಮಧ್ಯಾಹ್ನ ದಮಯಂತಿ ಬಂದಳು. ಜನರ ಗುಂಪು ಕಂಡು ಹೆಜ್ಜೆ ಚುರುಕು ಮಾಡಿದಳು. “ಹೊಸ ಕಸರತ್ತು ಅಕ್ಕಾ,” ಎಂದರು ಯಾರೋ. ನುಗ್ಗಿ ಮುಂದೆ ಬಂದರೆ ಗಂಡ ಮಾಲೆ ಹಾಕಿಕೊಂಡು ಕುಕ್ಕರುಗಾಲಿನಲ್ಲಿ ಕೂತಿದ್ದಾನೆ, ಪಕ್ಕದಲ್ಲಿ ತನ್ನ ಮಸಾಲೆಯ ಗುಂಡು. ಅವಳು ಗುಂಡನ್ನು ನೋಡಿದಳು, ಮೊಣಗಂಟನ್ನು ನೋಡಿದಳು, ಕೊನೆಗೆ ಗಂಡನ ಕಣ್ಣನ್ನು ನೋಡಿದಳು. ಆ ಕಣ್ಣುಗಳು ಕೈಮುಗಿಯುತ್ತಿದ್ದವು.

ದಮಯಂತಿ ಬುಟ್ಟಿ ಇಳಿಸಿ ಗಂಭೀರವಾಗಿ ಹೇಳಿದಳು: “ಕಸರತ್ತು ಮುಗಿಸುವುದನ್ನು ಯಾರೂ ನೋಡಬಾರದಂತೆ. ದೃಷ್ಟಿ ಆಗ್ತದೆ. ನೀವೆಲ್ಲ ಊಟಕ್ಕೆ ಹೋಗಿ.”

ಜನ ಗೌರವದಿಂದ ಚದುರಿದರು. ಕೊನೆಯ ಕೊಡೆ ಮರೆಯಾದ ಮೇಲೆ ಅವಳು ಒಂದು ಚಾಪೆ ತಂದು ಗಂಡನನ್ನು ಅದರ ಮೇಲೆ ಉರುಳಿಸಿ, ಚಾಪೆ ಸಮೇತ ಒಳಗೆ ಎಳೆದುಕೊಂಡು ಹೋದಳು.

“ಎಳೆದು ಬಿಡಿಸು, ಒಮ್ಮೆ ಜೋರಾಗಿ ಎಳೆ,” ಎಂದು ಕಿಟ್ಟಣ್ಣ ಗೋಗರೆದ.

“ಎಳೆಯುವುದು ಬಲೆಯನ್ನು. ಗಂಟನ್ನು ಎಳೆದರೆ ಹರಿದು ಹೋಗ್ತದೆ. ಬಾಯಿ ಮುಚ್ಚಿ ಮಲಗಿ.”

ನೆಕ್ಕಿಸೊಪ್ಪು ಹಾಕಿ ಕಾಯಿಸಿದ ನೀರಿನಲ್ಲಿ ಬಟ್ಟೆ ಅದ್ದಿ ಮೊಣಗಂಟಿಗೆ ಸುತ್ತಿದಳು. ಪಾದ ಹಿಡಿದು, ತೊಟ್ಟಿಲು ತೂಗಿದಷ್ಟೇ ಮೆತ್ತಗೆ ಆಚೆ ಈಚೆ ಆಡಿಸಿದಳು. ಒಂದು ಹದದಲ್ಲಿ ‘ಟಿಕ್’ ಎಂದು ಸಣ್ಣ ಸದ್ದಾಗಿ ಕಾಲು ಬಿಟ್ಟುಕೊಂಡಿತು. ಕಿಟ್ಟಣ್ಣ ನೀಳವಾಗಿ ಉಸಿರು ಬಿಟ್ಟ.

“ಇನ್ನು ಕಲ್ಲು ಇಲ್ಲ,” ಎಂದಳು ದಮಯಂತಿ. “ಬಾವು ಇಳಿಯುವವರೆಗೆ ಬಸ್ಕಿಯೂ ಇಲ್ಲ. ಆಮೇಲೆ ಬೆಂಚಿನ ಮೇಲೆ ಕೂತು ಏಳಿ, ಮೊದಲು ಮೈ ಬಿಸಿ ಮಾಡಿಕೊಂಡು, ಬರಿಗೈಯಲ್ಲಿ. ನೋವು ಬಂದಲ್ಲಿ ನಿಲ್ಲಿಸುವುದು. ಈಗ ಆ ಗುಂಡು ತೊಳೆದು ಕೊಡಿ, ಸಾರಿಗೆ ಅರೆಯಲಿಕ್ಕುಂಟು.”

“ಕಲ್ಲು ಎತ್ತದಿದ್ದರೆ ಅಂಗಾರ ನಗ್ತಾನೆ.”

ಆ ಚಿಂತೆಯನ್ನು ಅಲೆಕ್ಸ್ ಮಾಸ್ತರು ಪರಿಹರಿಸಿದರು. ಮರುದಿನವೇ ಬಂದು, “ಕಲ್ಲು ಎತ್ತುವುದು ಹಳೇ ಕಥೆಯಾಯ್ತು. ಈ ವರ್ಷ ವಾರ್ಷಿಕೋತ್ಸವಕ್ಕೆ ಕೂತ ಕಸರತ್ತಿನ ಪಂದ್ಯ. ಬೆಳ್ಳಿಯ ಕಪ್ಪು ಉಂಟು. ಈ ವಿದ್ಯೆ ಕಂಡುಹಿಡಿದವರು ನೀವು, ಆದ್ದರಿಂದ ತೀರ್ಪುಗಾರರೂ ನೀವೇ,” ಎಂದರು. ಕಿಟ್ಟಣ್ಣ ಬಹಳ ಯೋಚಿಸುವವನಂತೆ ಮೀಸೆ ಎಳೆದು, ಒಪ್ಪಿಕೊಂಡ.

ವಾರ್ಷಿಕೋತ್ಸವದ ದಿನ ಮಳೆ ಬಿಟ್ಟು ಹೊಳವಾಗಿತ್ತು. ಶಾಲೆಯಿಂದ ತಂದ ಕುರ್ಚಿಗಳಲ್ಲಿ ದೊಡ್ಡವರೆಲ್ಲ ಕೂತರು. ಅವರ ನಡುವೆ ಜರಿಪೇಟ ಸುತ್ತಿಕೊಂಡು ಕಿಟ್ಟಣ್ಣ. ಹೆಂಗಸರಿಗೆ ಕುರ್ಚಿ ಸಾಲಲಿಲ್ಲ. ಪೇಟೆಯಿಂದ ನೇರವಾಗಿ ಬಂದ ದಮಯಂತಿ ಬುಟ್ಟಿಯನ್ನು ಬದಿಗಿಟ್ಟು, ನೆಲದ ಕೆಸರು ಸೀರೆಗೆ ತಾಗದ ಹಾಗೆ ಚಪ್ಪರದ ಕಂಬದ ಬಳಿ ಕುಕ್ಕರುಗಾಲಿನಲ್ಲಿ ಕೂತು ಎಲೆಯಡಿಕೆ ಬಿಚ್ಚಿದಳು.

ಅಲೆಕ್ಸ್ ಮಾಸ್ತರು ಸೀಟಿ ಊದಿದರು. ಪಂದ್ಯದವರು ಸಾಲಾಗಿ ಕೂತರು. ಮೊದಲು ಒಬ್ಬ ಮುಗ್ಗರಿಸಿದ, ಆಮೇಲೆ ಇಬ್ಬರು ಒಬ್ಬರ ಮೇಲೊಬ್ಬರು ಬಿದ್ದರು. ಕೊನೆಗೆ ಉಳಿದವನು ತೊಕ್ಕೊಟ್ಟಿನ ಅಂಗಾರ ಒಬ್ಬನೇ. ಬಂಡೆಯಂಥ ಹುಡುಗ, ಬಂಡೆಯಂತೆಯೇ ಕೂತಿದ್ದ. ಚಪ್ಪಾಳೆ ಮೊಳಗಿತು. ಮಾಸ್ತರು, “ಗೆದ್ದದ್ದು ಅಂಗಾರ. ಏಳು ಮಾರಾಯ, ಕಪ್ಪು ತೆಗೆದುಕೋ,” ಎಂದರು.

ಅಂಗಾರ ಏಳಲಿಲ್ಲ. “ಇನ್ನೂ ಸ್ವಲ್ಪ ಕೂರ್ತೇನೆ,” ಎಂದ. ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು.

ಆದರೆ ಕಿಟ್ಟಣ್ಣ ಅವನ ಮುಖ ನೋಡಿದ. ಹಣೆಯಲ್ಲಿ ಬೆವರು, ಕಣ್ಣಲ್ಲಿ ನೀರು. ಅದು ಏಕಾಗ್ರತೆಯಲ್ಲ ಎಂಬುದು ಆ ಸಭೆಯಲ್ಲಿ ಅವನೊಬ್ಬನಿಗೇ ಗೊತ್ತು. ಇಬ್ಬರು ಹುಡುಗರು ಅಂಗಾರನನ್ನು ಹೆಗಲಿಗೇರಿಸಲು ರಟ್ಟೆಗೆ ಕೈಹಾಕಿದರು. ಒಂದು ಎಳೆತ ಎಳೆದರೆ ಆ ಮೊಣಗಂಟು ಜೀವಮಾನಕ್ಕೆ ಹೋದಂತೆ. ಸುಮ್ಮನಿದ್ದರೆ ತನ್ನ ಗುಟ್ಟು ಉಳಿಯುತ್ತದೆ; ನೂಲಹುಣ್ಣಿಮೆ ಹತ್ತಿರದಲ್ಲಿದೆ; ತನ್ನ ದೋಣಿಯವರೆಲ್ಲ ಎದುರಿಗೇ ಕೂತಿದ್ದಾರೆ. ಒಂದು ಗಳಿಗೆ ಕಿಟ್ಟಣ್ಣ ಕುರ್ಚಿಯ ಕೈ ಹಿಡಿದುಕೊಂಡ. ಆಮೇಲೆ ಎದ್ದು ನಿಂತ.

“ಮುಟ್ಟಬೇಡಿ ಅವನನ್ನು. ಗಂಟು ಜಾಮಾಗಿದೆ.”

ಹುಡುಗರು ಕೈ ತೆಗೆದರು. ಅಲೆಕ್ಸ್ ಮಾಸ್ತರು, “ನಿಮಗೆ ಹೇಗೆ ಗೊತ್ತು?” ಎಂದರು.

“ನನಗೂ ಆದದ್ದು ಅದೇ,” ಎಂದ ಕಿಟ್ಟಣ್ಣ. ಪೇಟ ತೆಗೆದು ಕುರ್ಚಿಯ ಮೇಲಿಟ್ಟ. “ಆ ದಿನ ನಾನು ಕೂತದ್ದಲ್ಲ, ಸಿಕ್ಕಿಬಿದ್ದದ್ದು. ಬಿಸಿನೀರು ತನ್ನಿ.”

ನಗೆ ಚಪ್ಪರದ ಮಡಲು ಹಾರಿಸುವಷ್ಟು ಎದ್ದಿತು. ಅಹ್ಮದ್ ಬಾವ, “ನಾನು ಊರಿಡೀ ಹೇಳಿದ್ದು ವೇಸ್ಟಾ?” ಎಂದು ತಲೆಗೆ ಕೈಹೊತ್ತ. ಕಿಟ್ಟಣ್ಣ ನಗುವನ್ನು ಲೆಕ್ಕಿಸದೆ ಅಂಗಾರನನ್ನು ಮೆಲ್ಲನೆ ಒರಗಿಸಿ, ಬಿಸಿಬಟ್ಟೆ ಸುತ್ತಿ, ತೊಟ್ಟಿಲು ತೂಗಿದಂತೆ ಪಾದ ಆಡಿಸಿದ. ‘ಟಿಕ್’ ಎಂದಿತು. ಅಂಗಾರ ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. “ನನಗೆ ಹೇಳ್ಲಿಕ್ಕೆ ನಾಚಿಕೆ ಆಯ್ತು ಕಿಟ್ಟಣ್ಣ,” ಎಂದ ಸಣ್ಣ ದನಿಯಲ್ಲಿ.

ಕಿಟ್ಟಣ್ಣ ತಲೆ ಎತ್ತಿ ತನ್ನ ದೋಣಿಯವರತ್ತ ನೋಡಿದ. ಅವರಲ್ಲಿ ಹಿರಿಯನಾದ ತುಕ್ರ ಬಾಯಿಯ ಎಲೆಯಡಿಕೆಯನ್ನು ಉಗಿದು ಬಂದು ಹೇಳಿದ: “ನೀನು ಕುಂಟುವುದು ನಾವು ಹೋದ ವರ್ಷವೇ ನೋಡಿದ್ದೇವೆ ಮಾರಾಯ. ದೋಣಿಗೆ ಬೇಕಾದ್ದು ನಿನ್ನ ಕಣ್ಣು. ನಿನ್ನ ಕಾಲು ಕಟ್ಟಿಕೊಂಡು ನಮಗೇನಾಗಬೇಕು?”

ಎದೆಯಿಂದ ಒಂದು ದೊಡ್ಡ ಕಲ್ಲು ಇಳಿಸಿದಂತಾಯಿತು ಕಿಟ್ಟಣ್ಣನಿಗೆ. ಆ ಮಳೆಗಾಲದಲ್ಲಿ ಅವನು ಸರಿಯಾಗಿ ಇಳಿಸಿದ ಕಲ್ಲು ಅದೊಂದೇ.

ಈಗ ಕಪ್ಪು ಯಾರಿಗೆ ಎಂಬ ಪ್ರಶ್ನೆ ಉಳಿಯಿತು. ಅಂಗಾರ ತನಗೆ ಬೇಡವೆಂದ. ತಾನಾಗಿ ಏಳದವನಿಗೆ ಕಪ್ಪು ಯಾತಕ್ಕೆ? ಮಾಸ್ತರು ಸೀಟಿಯನ್ನು ಬೆರಳಿಗೆ ಸುತ್ತುತ್ತ ಯೋಚಿಸುತ್ತಿರುವಾಗ ಅಹ್ಮದ್ ಬಾವ ಕೊಡೆಯ ತುದಿಯಿಂದ ಕಂಬದ ಕಡೆ ತೋರಿಸಿದ.

“ಸೀಟಿ ಊದುವ ಮೊದಲಿನಿಂದ ಒಬ್ಬರು ಕೂತಿದ್ದಾರೆ. ಇನ್ನೂ ಎದ್ದಿಲ್ಲ.”

ಎಲ್ಲರೂ ತಿರುಗಿದರು. ದಮಯಂತಿ ಕುಕ್ಕರುಗಾಲಿನಲ್ಲಿಯೇ ಕೂತು ಪಕ್ಕದವಳಿಗೆ ಸುಣ್ಣ ಕೊಡುತ್ತಿದ್ದಳು. ತನ್ನನ್ನೇ ನೋಡುತ್ತಿದ್ದಾರೆಂದು ತಿಳಿದು, “ಎಂತ?” ಎನ್ನುತ್ತ ಎದ್ದು ನಿಂತಳು. ಮಂಡಿಗೆ ಕೈ ಕೊಡಲಿಲ್ಲ, ಕಂಬ ಹಿಡಿಯಲಿಲ್ಲ, ಒಂದು ಗಂಟೂ ಸದ್ದು ಮಾಡಲಿಲ್ಲ.

ಚಪ್ಪರದಲ್ಲಿ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಕಿಟ್ಟಣ್ಣ. ಪಕ್ಕದಲ್ಲಿದ್ದವರಿಗೆಲ್ಲ, “ನನ್ನ ಹೆಂಡತಿ, ನನ್ನ ಹೆಂಡತಿ,” ಎಂದು ಗೊತ್ತಿದ್ದವರಿಗೂ ಹೇಳಿದ. ಪೇಟವನ್ನು ಮತ್ತೆ ತಲೆಗೇರಿಸಿದ. ಕಲ್ಲು ಎತ್ತಿದ್ದರೂ ಅವನ ಎದೆ ಅಷ್ಟು ಉಬ್ಬುತ್ತಿರಲಿಲ್ಲ.

ಅಲೆಕ್ಸ್ ಮಾಸ್ತರು ಕಪ್ಪು ಕೊಡುತ್ತ ಕೇಳಿದರು: “ದಮಯಂತಕ್ಕಾ, ಇದನ್ನು ನಿಮಗೆ ಕಲಿಸಿದ ಗುರು ಯಾರು?”

“ಕೂರ್ಲಿಕ್ಕೆ ಕಲಿಸಿದ್ದು ಮೀನುಪೇಟೆ,” ಎಂದಳು ದಮಯಂತಿ. ಮತ್ತೆ ಗಂಡನ ಕಡೆ ನೋಡಿ, “ಏಳ್ಲಿಕ್ಕೆ ಕಲಿಸಿದ್ದು ಇವರು,” ಎಂದಳು.

ಕಿಟ್ಟಣ್ಣ ಮೀಸೆಗೆ ಕೈ ಹಾಕಿದ. ಸಭೆಗೆ ಸಭೆಯೇ ಅವನತ್ತ ತಿರುಗಿತು.

“ಮದುವೆಯಾದಂದಿನಿಂದ ಇವರನ್ನು ಎಬ್ಬಿಸಿ ಎಬ್ಬಿಸಿ, ನನಗೆ ಅಭ್ಯಾಸ ಆಗಿ ಹೋಗಿದೆ.”