ಕೊಡೆಯಣ್ಣನ ಬಿಸಿಲುಬಂಡಿ

ತೊಂದರೆ ಶುರುವಾದದ್ದು ಒಂದು ಒದ್ದೆ ಹೊದಿಕೆಯಿಂದ.

ಕೊಡೆ ಅಂಗಡಿಗೆ ರಜೆಯಿದ್ದ ದಿನ. ಕೊಡೆಯಣ್ಣ ಹಲ್ಲುಜ್ಜುತ್ತ ಅಂಗಳಕ್ಕೆ ಬಂದಾಗ ಹೆಂಡತಿ ಬಕೆಟ್ ಹಿಡಿದು ನಿಂತಿದ್ದಳು. ಬಕೆಟ್ಟಿನಲ್ಲಿ ಹಿಂಡಿದ ಹೊದಿಕೆ, ಮುಖದಲ್ಲಿ ಹಿಂಡಲು ಇನ್ನೇನಾದರೂ ಸಿಕ್ಕೀತೇ ಎಂಬ ಹುಡುಕಾಟ. ಅಂಗಳದಲ್ಲಿ ಬಿಸಿಲು ಬೀಳುವ ಜಾಗ ಇದ್ದದ್ದು ಒಂದೇ. ಮೊದಲು ಅಲ್ಲಿ ಬಟ್ಟೆ ಒಣಹಾಕುವ ಹಗ್ಗವಿತ್ತು. ಈಗ ಬಿಸಿಲುಬಂಡಿ ನಿಂತಿತ್ತು.

“ಏನ್ರೀ, ಈ ಹೊದಿಕೆ ಎಲ್ಲಿ ಒಣಗಿಸ್ಲಿ? ನಿಮ್ಮ ತಲೆ ಮೇಲಾ?”

“ಇವತ್ತೊಂದಿನ ತಡಿಯೇ. ಇವತ್ತು ಓಡಿಸಿ ತೋರಿಸ್ತೀನಿ.”

“ಹೀಗೇ ಹೇಳ್ತಾ ಮಳೆಗಾಲ ಕಳೀತು, ಚಳಿಗಾಲಾನೂ ಕಳೀತು. ಗುಜರಿಯವನಿಗೆ ಹೇಳಿ ಕಳಿಸಿದೀನಿ, ಸಂಜೆ ಬರ್ತಾನೆ. ಅಷ್ಟರೊಳಗೆ ಇದು ಓಡೋದನ್ನ ನಾನು ಕಣ್ಣಾರೆ ನೋಡ್ಬೇಕು. ನೋಡಿದ್ರೆ ಜಾಗ ನಿಮ್ಮದು, ಬಟ್ಟೆ ಅಡುಗೆಮನೇಲಿ ಒಣಗಿಸ್ಕೋತೀನಿ. ಇಲ್ಲಾಂದ್ರೆ ಬಂಡಿ ಗುಜರಿಗೆ.”

ಇಷ್ಟು ಹೇಳಿ ಅವಳು ಬಕೆಟ್ಟನ್ನು ಅಲ್ಲೇ ಕುಕ್ಕಿ ಒಳಗೆ ಹೋದಳು. ಕೊಡೆಯಣ್ಣ ಬಾಯಿ ಮುಕ್ಕಳಿಸುವುದನ್ನೂ ಮರೆತು ಬಂಡಿಯನ್ನೇ ನೋಡುತ್ತ ನಿಂತ.

ಬಂಡಿ ಇಡೀ ಮನೆಯವರ ಕೆಲಸ. ಕಾಲೇಜಿಗೆ ಹೋಗುವ ಮಗಳು ಲೆಕ್ಕ ಹಾಕಿ, ತಂತಿ ಜೋಡಿಸಿ, ಹಳೆಯ ಎಲೆಕ್ಟ್ರಿಕ್ ಸೈಕಲ್ಲಿನ ಮೋಟಾರು ಕೂರಿಸಿದ್ದಳು. ಕೊಡೆಯಣ್ಣನ ಅಪ್ಪ, ಅಂದರೆ ಎಲ್ಲರ ಬಾಯಲ್ಲಿ ಅಜ್ಜ, ಕೂತು ಕೂತು ಸವೆಸಿದ ತಮ್ಮ ಎರಡು ಬೆತ್ತದ ಕುರ್ಚಿಗಳನ್ನು ದಾನ ಮಾಡಿದ್ದರು. ಕೊಡೆಯಣ್ಣ ಸೈಕಲ್ ಚಕ್ರ, ಹ್ಯಾಂಡಲ್ ಹೊಂದಿಸಿ, ಸಡಿಲವಾದಲ್ಲೆಲ್ಲ ಮುರಿದ ಕೊಡೆಗಳ ಕಡ್ಡಿ ಹಾಕಿ ಬಿಗಿದಿದ್ದ. ಮುಂದೊಂದು ಕುರ್ಚಿ, ಅದರ ಹಿಂದೆ ಇನ್ನೊಂದು, ಎಲ್ಲಕ್ಕೂ ಹಿಂದೆ ಸೊಂಟದೆತ್ತರಕ್ಕೆ ಮಲಗಿದ ಸೋಲಾರ್ ಪ್ಯಾನಲ್. ಬ್ಯಾಟರಿ ಇರಲಿಲ್ಲ. ಬಿಸಿಲು ಬಿದ್ದರೆ ಓಟ, ತಪ್ಪಿದರೆ ನಿಲುಗಡೆ. ಓಡದ ಹೊತ್ತಿನಲ್ಲಿ ಪ್ಯಾನಲ್ ಮೇಲೆ ಗೋಣಿಚೀಲ ಹೊದಿಸಿರುತ್ತಿದ್ದರು.

ಬ್ರೇಕಿನ ವಿಷಯಕ್ಕೆ ಮಾತ್ರ ಮನೆಯಲ್ಲಿ ಜಗಳವಾಗಿತ್ತು. ಮಗಳು ಸ್ವಿಚ್ಚೂ ಬೇಕು, ಬ್ರೇಕೂ ಬೇಕು ಎಂದಿದ್ದಳು.

“ಕೊಡೆ ಮಾರೋ ಮನೇಲಿ ಹುಟ್ಟಿ ಸ್ವಿಚ್ಚು ಅಂತೀಯಲ್ಲೇ!” ಎಂದು ಅಜ್ಜ ನೊಂದುಕೊಂಡಿದ್ದರು. “ಸ್ವಿಚ್ಚು ಕೆಡತ್ತೆ, ಬ್ರೇಕು ಸವೆಯತ್ತೆ. ನಾನು ಮಾರಿದ ಕೊಡೆಗಳನ್ನ ಜನ ಇವತ್ತಿಗೂ ಹಿಡ್ಕೊಂಡು ಓಡಾಡ್ತಿದಾರೆ. ಪ್ಯಾನಲ್ ಮೇಲೆ ಒಂದು ಕೊಡೆ ಬಿಚ್ಚಿ ಹಿಡಿದ್ರೆ ಮುಗೀತು, ಗಾಡಿ ನಿಂತ ಹಾಗೇ.”

ಮಾತು ಮನೆತನಕ್ಕೆ ಬಂದದ್ದರಿಂದ ಕೊಡೆಯಣ್ಣನೂ ಅಪ್ಪನ ಪಕ್ಷ ಸೇರಿದ. ಹೀಗಾಗಿ ಮುಂದಿನ ಕುರ್ಚಿಯ ಪಕ್ಕದಲ್ಲಿ ಉದ್ದ ಹಿಡಿಯ ದೊಡ್ಡ ಕರಿಕೊಡೆಯೊಂದು ನೇತಾಡುತ್ತಿತ್ತು. ಸ್ವಿಚ್ಚೂ ಅದೇ, ಬ್ರೇಕೂ ಅದೇ.

ಬಂಡಿ ಓಡಿರಲಿಲ್ಲ ಎಂದಲ್ಲ. ಎಷ್ಟೋ ಸಲ ಅಂಗಳದ ಈ ತುದಿಯಿಂದ ಆ ತುದಿಗೆ ಚೆನ್ನಾಗಿಯೇ ಓಡಿತ್ತು. ಅಜ್ಜ ನೋಡಿದ್ದರು, ಮಗಳು ನೋಡಿದ್ದಳು. ಆದರೆ ಹೆಂಡತಿ ಬಾಗಿಲಿಗೆ ಬಂದಳೆಂದರೆ ಟಕ್ಕನೆ ನಿಲ್ಲುತ್ತಿತ್ತು. ಅವಳನ್ನು ಕಂಡರೆ ತಾನೂ ಹಾಗೆಯೇ ನಿಲ್ಲುತ್ತಿದ್ದುದರಿಂದ ಕೊಡೆಯಣ್ಣನಿಗೆ ಇದರಲ್ಲಿ ವಿಶೇಷವೇನೂ ಕಂಡಿರಲಿಲ್ಲ. ಒಳಗೊಳಗೇ ಬೇಜಾರು ಮಾತ್ರ ಇತ್ತು. ಊರೆಲ್ಲ ನೋಡದಿದ್ದರೂ ಸರಿ, ಅವಳೊಬ್ಬಳು ನೋಡಿ ಒಂದು ಸಲ ಹುಬ್ಬೇರಿಸಬೇಕು ಎಂಬುದು ಅವನ ದೊಡ್ಡ ಆಸೆ.

ಬಿಸಿಲು ಚುರುಕಾಗುತ್ತಲೇ ಅಪ್ಪ ಮಗಳು ಸೇರಿ ಬಂಡಿಯನ್ನು ಬೀದಿಗೆ ತಳ್ಳಿದರು. ಮಗಳು ಗೋಣಿಚೀಲ ಎಳೆದಳು. ಮೋಟಾರು ಗುಂಯ್ ಎಂದಿತು. ಬಂಡಿ ಬೇಕರಿಯ ಮುಂದಿನವರೆಗೂ ಸಲೀಸಾಗಿ ಹೋಯಿತು. ಕೊಡೆಯಣ್ಣ ಕೊಡೆ ಬಿಚ್ಚಿ ನಿಲ್ಲಿಸಿ, “ಏಯ್, ಬೇಗ ಬಾರೇ ಹೊರಗೆ!” ಎಂದು ಕೂಗಿದ.

ಹೆಂಡತಿ ಬರುವುದಕ್ಕೆ ಮೊದಲೇ ಬೀದಿ ಬಂತು. ಎದುರುಮನೆಯ ನಿವೃತ್ತ ಮೇಷ್ಟ್ರು ಪೇಪರ್ ಮಡಚಿಕೊಂಡು ಬಂದರು, ಬೇಕರಿಯಾತ ಕೈಯ ಹಿಟ್ಟು ಒರೆಸುತ್ತ ಬಂದ, ಅವನ ಗಿರಾಕಿಗಳೆಲ್ಲ ಹಿಂದೆಯೇ ಬಂದರು. ಎಲ್ಲರೂ ಪ್ಯಾನಲ್ ಮೇಲೆ ಬಗ್ಗಿ ಬಗ್ಗಿ ನೋಡಿದರು.

“ಅಲ್ಲಯ್ಯಾ, ಬಿಸಿಲು ಹೆಚ್ಚಾದ್ರೆ ಜೋರಾಗಿ ಓಡತ್ತೋ?” ಎಂದರು ಮೇಷ್ಟ್ರು.

“ಹೌದು ಮೇಷ್ಟ್ರೇ.”

“ಬೆಳದಿಂಗಳಲ್ಲಿ?”

“ಓಡಲ್ಲ ಮೇಷ್ಟ್ರೇ.”

“ಹುಣ್ಣಿಮೇಲೂ ಓಡಲ್ವೋ?”

ಅಷ್ಟರಲ್ಲಿ ಹೆಂಡತಿ ಬಂದಳು. ಕೊಡೆಯಣ್ಣ ಗತ್ತಿನಿಂದ ಕೊಡೆ ಮಡಚಿದ. ಬಂಡಿ ಕದಲಲಿಲ್ಲ. ಕೊಡೆ ಬಿಚ್ಚಿ ಮತ್ತೆ ಮಡಚಿದ. ಉಹೂಂ.

“ಚಕ್ರಕ್ಕೆ ಎಣ್ಣೆ ಬಿಡು ಕೊಡೆಯಣ್ಣಾ,” ಎಂದ ಬೇಕರಿಯಾತ. ಎಲ್ಲದಕ್ಕೂ ಎಣ್ಣೆಯೇ ಮದ್ದು ಎಂದು ನಂಬಿದವನು ಅವನು.

ಹೆಂಡತಿ ಬಂಡಿಯನ್ನೊಮ್ಮೆ, ಗಂಡನನ್ನೊಮ್ಮೆ, ಆಕಾಶವನ್ನೊಮ್ಮೆ ನೋಡಿ ಒಳಗೆ ಹೋದಳು. ತಮಾಷೆ ಮುಗಿಯಿತೆಂದು ಜನರೂ ಚದುರಿದರು. ಚದುರಿದ್ದೇ ತಡ, ಬಂಡಿ ಗುಂಯ್ ಎಂದು ಹೊರಟಿತು. ಕೊಡೆಯಣ್ಣ ಹಾರಿ ಹತ್ತಿ ಕೊಡೆ ಬಿಚ್ಚಿದ. ಮತ್ತೆ ಹೆಂಡತಿಯನ್ನು ಕೂಗಿದ. ಮತ್ತೆ ಬೀದಿ ಬಂದು ಬಗ್ಗಿತು. ಕೊಡೆ ಮಡಚಿದರೂ ಮತ್ತೆ ಬಂಡಿ ನಿಂತಲ್ಲೇ ನಿಂತಿತು.

“ನಿಮ್ಮ ಬಂಡಿಗೆ ನನ್ನ ಮೇಲೆ ದ್ವೇಷ ಇರ್ಬೇಕು,” ಎಂದಳು ಹೆಂಡತಿ. “ಸಂಜೆ ಗುಜರಿಯವನ ಹತ್ರ ಹೇಳ್ಕೊಳ್ಲಿ.”

ಈ ಸಲ ಮಗಳು ಮಾತ್ರ ಬಂಡಿಯನ್ನು ನೋಡಲಿಲ್ಲ. ಜನರನ್ನು ನೋಡಿದಳು. ಆಮೇಲೆ ಅವರ ನೆರಳುಗಳನ್ನು ನೋಡಿದಳು.

“ಎಲ್ರೂ ಒಂದು ಹೆಜ್ಜೆ ಹಿಂದೆ ಹೋಗಿ,” ಎಂದವಳೇ ಹಿಂದಿನ ಚಕ್ರ ನೆಲಕ್ಕೆ ತಾಗದಂತೆ ಬಂಡಿಯನ್ನು ಒಂದು ಕಲ್ಲಿನ ಮೇಲೆ ಎತ್ತಿಸಿದಳು. ಚಕ್ರ ಗಿರಗಿರ ತಿರುಗತೊಡಗಿತು. ಪ್ಯಾನಲ್ಲಿನ ಒಂದು ಮೂಲೆಗೆ ತನ್ನ ಅಂಗೈಯ ನೆರಳು ಬೀಳಿಸಿದಳು. ಚಕ್ರ ಸೋತು ನಿಂತಿತು. ಕೈ ತೆಗೆದಳು. ತಿರುಗಿತು.

“ನೋಡು ಅಪ್ಪಾ! ಒಂದು ಮೂಲೆ ಮುಚ್ಚಿದ್ರೂ ಇಡೀ ಪ್ಯಾನಲ್ ಮುನಿಸ್ಕೊಳತ್ತೆ. ನೋಡೋಕೆ ಬಂದವರ ನೆರಳಿಂದಾನೇ ಇದು ನಿಲ್ತಿರೋದು. ಅಮ್ಮ ಬಾಗಿಲ ಮೆಟ್ಟಿಲ ಮೇಲೆ ನಿಂತಾಗ್ಲೂ ಇದೇ ಆಗಿರತ್ತೆ.”

ಬೀದಿಗೆ ಬೀದಿಯೇ ಬೆರಗಾಯಿತು. ಅಂಗೈ ನೆರಳಿಗೆ ಚಕ್ರ ನಿಲ್ಲುವುದೆಂದರೇನು! ಮೇಷ್ಟ್ರು ತಮ್ಮ ಕೈ ಹಿಡಿದು ನೋಡಿದರು, ಆಮೇಲೆ ಪೇಪರ್ ಹಿಡಿದರು, ಆಮೇಲೆ ಒಂದೇ ಬೆರಳು. ಬೇಕರಿಯಾತ ಒಂದು ಬನ್ನಿನ ನೆರಳು ಬೀಳಿಸಿ ನೋಡಿದ. ಎಲ್ಲರಿಗೂ ತಮ್ಮ ನೆರಳಿಗೆ ಇಷ್ಟು ಶಕ್ತಿ ಇದೆಯೆಂದು ಗೊತ್ತಾದದ್ದು ಅಂದೇ. ಕೊಡೆಯಣ್ಣನೂ ಸಂಜೆಯ ಗಂಡಾಂತರ ಮರೆತು ಮಕ್ಕಳ ಹಾಗೆ ಕೈಯಾಡಿಸುತ್ತ ನಿಂತ. ಆಟ ಮುಗಿಯುವಷ್ಟರಲ್ಲಿ ಹೊತ್ತು ನೆತ್ತಿಗೇರಿತ್ತು.

ಮಗಳು ಪ್ಯಾನಲ್ ಮೇಲೆ ಗೋಣಿಚೀಲ ಹೊದಿಸಿ, ಬಂಡಿಯನ್ನು ಕಲ್ಲಿನಿಂದ ಇಳಿಸಿ, ಜನರನ್ನೆಲ್ಲ ರಸ್ತೆಯ ಆಚೆಬದಿಗೆ ಸಾಲಾಗಿ ನಿಲ್ಲಿಸಿದಳು. ಒಳಗೆ ಹೋಗಿ ಅಮ್ಮನ ಕೈ ಹಿಡಿದು ಎಳೆದು ತಂದಳು.

“ಅಮ್ಮಾ, ನೀನು ಹೊರಗೆ ನಿಂತು ನೋಡೋದೇ ಬೇಡ. ಹಿಂದಿನ ಕುರ್ಚೀಲಿ ಕೂತ್ಕೋ. ಆಗ ನಿನ್ನ ನೆರಳೂ ಬೀಳಲ್ಲ, ಓಡೋದನ್ನ ಕೂತಲ್ಲೇ ನೋಡ್ಬಹುದು.”

“ನಾನಾ? ಇದರ ಮೇಲಾ?”

“ಕೂತ್ಕೋಮ್ಮಾ,” ಎಂದರು ಅಜ್ಜ ಜಗಲಿಯಿಂದ. “ಗಟ್ಟಿಮುಟ್ಟಾದ ಕುರ್ಚಿ. ನನ್ನನ್ನೇ ತಡ್ಕೊಂಡಿದೆ.”

ಮಾವನ ಮಾತು ತೆಗೆದುಹಾಕಲಾಗದೆ ಅವಳು ಹತ್ತಿ ಕೂತು, ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಳು. ಕೊಡೆಯಣ್ಣ ಮುಂದೆ ಕೂತ.

ಅದೇ ಹೊತ್ತಿಗೆ ಸಾಲಿನಿಂದ ಮೇಷ್ಟ್ರ ದನಿ ಬಂತು. “ಬಿಸಿಲಲ್ಲಿ ನಿಲ್ಲಿಸಿಬಿಟ್ಟಳಲ್ಲಯ್ಯಾ ನಿನ್ನ ಮಗಳು. ತಲೆ ಕಾಯ್ತಾ ಇದೆ. ಒಂದು ಕೊಡೆ ಇದ್ರೆ ಕೊಡು.”

ಕೊಡೆ ಕೇಳಿದವರಿಗೆ ಇಲ್ಲ ಎಂದು ಕೊಡೆಯಣ್ಣ ಹುಟ್ಟಿದಾಗಿನಿಂದ ಹೇಳಿರಲಿಲ್ಲ. ಅವನ ಅಪ್ಪನೂ ಹೇಳಿರಲಿಲ್ಲ. ಕೈ ತಾನಾಗಿ ಪಕ್ಕಕ್ಕೆ ಹೋಯಿತು, ಬಾಯಿ ತಾನಾಗಿ ಅಂಗಡಿಯ ಮಾತಾಡಿತು.

“ತಗೊಳ್ಳಿ ಮೇಷ್ಟ್ರೇ. ಮರದ ಹಿಡಿ, ಡಬಲ್ ಬಟ್ಟೆ. ಗಾಳಿಗೆ ಮಗುಚಿದ್ರೆ ಕೇಳಿ.”

ಮೇಷ್ಟ್ರು ಕೊಡೆ ಬಿಚ್ಚಿ ತಲೆಗೆ ಹಿಡಿದರು. ಮಗಳು ಅಪ್ಪನ ಸನ್ನೆಗೆ ಗೋಣಿಚೀಲ ಎಳೆದಳು.

ಬಂಡಿ ಜಗ್ಗಿ ಹೊರಟಿತು. ನಡುಮಧ್ಯಾಹ್ನದ ಬಿಸಿಲಿನಲ್ಲಿ ಅದು ಇದುವರೆಗೆ ಓಡಿರಲಿಲ್ಲ. ಬೇಕರಿ ದಾಟಿತು, ಬೀದಿ ತಿರುವು ದಾಟಿತು, ದೊಡ್ಡ ರಸ್ತೆಗೆ ಬಂತು. ಹಿಂದೆ ಜನ ಹೋ ಎಂದು ಓಡಿ ಬಂದರು. ಬೆನ್ನ ಹಿಂದಿನಿಂದ ಹೆಂಡತಿಯ “ಅಯ್ಯೋ! ಅಯ್ಯೋ!” ಕೇಳುತ್ತಿತ್ತು.

“ನೋಡಿದೆಯಾ ಹೇಗೆ ಓಡತ್ತೆ!” ಎಂದು ಕೊಡೆಯಣ್ಣ ಹಿಗ್ಗಿದ. ರಸ್ತೆ ಬಿಟ್ಟು ಹಿಂದೆ ತಿರುಗಿ ನೋಡುವ ಹಾಗಿರಲಿಲ್ಲ, ಆದರೆ ಅವಳ ಹುಬ್ಬು ಹಣೆಯ ಮೇಲೆ ಎಲ್ಲಿಯವರೆಗೆ ಹೋಗಿರಬಹುದೆಂದು ಊಹಿಸಿಕೊಂಡೇ ಸುಖಪಟ್ಟ. ಇಷ್ಟು ಸಾಕು, ಇನ್ನು ನಿಲ್ಲಿಸೋಣ ಎಂದು ಪಕ್ಕಕ್ಕೆ ಕೈ ಹಾಕಿದ.

ಕೈಗೆ ಗಾಳಿ ಸಿಕ್ಕಿತು.

ಆಗ ಅವನಿಗೆ ತಾನು ಮೇಷ್ಟ್ರಿಗೆ ಕೊಟ್ಟದ್ದು ಏನೆಂದು ಹೊಳೆಯಿತು. ನೆರಳಿಗಾಗಿ ರಸ್ತೆಯ ಎರಡೂ ಕಡೆ ಹುಡುಕಿದ. ಒಂದು ಮರವಿಲ್ಲ. ಕಳೆದ ವರ್ಷ ರಸ್ತೆ ಅಗಲ ಮಾಡುವಾಗ ಎಲ್ಲವನ್ನೂ ಕಡಿದುಹಾಕಿದ್ದರು. ಇನ್ನು ಕೊಡೆ ವ್ಯಾಪಾರ ಕುದುರುತ್ತದೆಂದು ಆಗ ಖುಷಿಪಟ್ಟವರಲ್ಲಿ ಕೊಡೆಯಣ್ಣನೇ ಮೊದಲಿಗ. ಎದುರಿನಿಂದ ಬಂದ ಸೈಕಲ್ಲೊಂದು ಚರಂಡಿಗಿಳಿದು ದಾರಿ ಬಿಟ್ಟಿತು. ಒಂದು ಕೈಯಲ್ಲಿ ಬಂಡಿ ತಿರುಗಿಸುತ್ತ, ಇನ್ನೊಂದು ಕೈಯಲ್ಲಿ ಅಂಗಿಯ ಗುಂಡಿ ಬಿಚ್ಚಿ, ಅಂಗಿ ಕಳಚಿ, ಪ್ಯಾನಲ್ ಮೇಲೆ ಬೀಳಲಿ ಎಂದು ತಲೆಯ ಮೇಲಿಂದ ಹಿಂದಕ್ಕೆಸೆದ. ಎಲ್ಲಿ ಬಿತ್ತೋ, ಬಂಡಿ ಮಾತ್ರ ನಿಲ್ಲಲಿಲ್ಲ. ಹೆಂಡತಿಯ ಅಯ್ಯೋ ಇನ್ನೂ ಜೋರಾಯಿತು.

ರಸ್ತೆಯ ಎಡಕ್ಕೆ ಒಂದು ದೊಡ್ಡ ತಗಡಿನ ಶೆಡ್ಡು ಕಂಡಿತು. ಬಾಗಿಲು ಪೂರ್ತಿ ತೆರೆದಿದೆ, ಒಳಗೆ ತಂಪಾದ ಕತ್ತಲು. ಯಾರದು, ಏನು ಎಂದು ನೋಡುವ ವ್ಯವಧಾನ ಅವನಿಗಿರಲಿಲ್ಲ. ದೇವರೇ ಎಂದು ಬಂಡಿಯನ್ನು ಒಳಗೆ ತಿರುಗಿಸಿದ.

ನೆರಳು ಬಿದ್ದದ್ದೇ ಮೋಟಾರು ಮೌನವಾಯಿತು. ಬಂಡಿ ಅದೇ ಓಟದಲ್ಲಿ ಇನ್ನಷ್ಟು ದೂರ ಜಾರಿ, ಖಾಲಿ ಡಬ್ಬಗಳ ಗುಡ್ಡೆಗೆ ಗುದ್ದಿ ನಿಂತಿತು. ಮುಂದಿನ ಚಕ್ರ ಎಂಟರ ಆಕಾರಕ್ಕೆ ತಿರುಚಿಕೊಂಡಿತು. ಉರುಳುತ್ತಿದ್ದ ಡಬ್ಬಗಳ ನಡುವಿನಿಂದ ಗುಜರಿಯವನು ತಕ್ಕಡಿ ಹಿಡಿದು ಎದ್ದುಬಂದ.

“ಅಯ್ಯೋ ಕೊಡೆಯಣ್ಣಾ, ಸಂಜೆ ನಾನೇ ಬರ್ತಿದ್ನಲ್ಲ! ಮನೆಬಾಗಿಲಿಗೆ ತಂದುಕೊಡೋ ಗಿರಾಕೀನ ಇದೇ ಮೊದಲು ನೋಡ್ತಿರೋದು.”

ಕೊಡೆಯಣ್ಣ ಅವನ ಕಡೆ ಗಮನವನ್ನೇ ಕೊಡಲಿಲ್ಲ. ಚಕ್ರ ಹೋದರೆ ಹೋಗಲಿ, ಗೆದ್ದದ್ದು ಗೆದ್ದದ್ದೇ. ಬನಿಯನ್ನಿನಲ್ಲೇ ಎದೆಯುಬ್ಬಿಸಿ ಹಿಂದೆ ತಿರುಗಿದ.

“ಈಗ ಹೇಳೇ, ಕಣ್ಣಾರೆ ನೋಡಿದೆಯಾ ಇಲ್ವಾ?”

“ಏನನ್ನ?” ಎಂಬ ದನಿ ಅವನ ಅಂಗಿಯೊಳಗಿನಿಂದ ಬಂತು.

ಅಂಗಿ ಹೆಂಡತಿಯ ತಲೆಯಿಂದ ಗಲ್ಲದವರೆಗೆ ಸರಿಯಾಗಿ ಕೂತಿತ್ತು. ಅವಳು ಕುರ್ಚಿಯ ಕೈಗಳನ್ನು ಇನ್ನೂ ಬಿಟ್ಟಿರಲಿಲ್ಲ. ಮಗಳು ಏದುಸಿರು ಬಿಡುತ್ತ ಓಡಿಬಂದು ಅಂಗಿ ತೆಗೆದಳು.

“ಜಗ್ಗಿದ ತಕ್ಷಣ ಹೆದರಿ ಕಣ್ಣು ಮುಚ್ಕೊಂಡೆ,” ಎಂದಳು ಹೆಂಡತಿ. “ಧೈರ್ಯ ಮಾಡಿ ತೆಗೆಯೋಣ ಅನ್ನೋಷ್ಟರಲ್ಲಿ ಮುಖದ ಮೇಲೆ ಏನೋ ಬಿತ್ತು.” ಸುತ್ತ ಕಣ್ಣಾಡಿಸಿದಳು. ಡಬ್ಬ, ತಗಡು, ತಕ್ಕಡಿ, ಅಲುಗದೆ ನಿಂತ ಬಂಡಿ. “ನಾನು ನೋಡಿದಾಗೆಲ್ಲ ಇದು ನಿಂತೇ ಇರತ್ತೆ.”

“ಅಮ್ಮಾ, ಇದು ಓಡದೇ ನೀನು ಇಲ್ಲಿಗೆ ಹೇಗೆ ಬಂದೆ?” ಎಂದಳು ಮಗಳು.

“ಹಿಂದೆ ಅಷ್ಟು ಜನ ಹೋ ಅಂತ ಓಡಿ ಬರ್ತಿದ್ದದ್ದು ನನಗೆ ಕೇಳಿಸ್ಲಿಲ್ವಾ? ಎಲ್ಲ ಸೇರಿ ತಳ್ಳಿದೀರ. ನಿಮ್ಮಪ್ಪ ಹೇಳಿಕೊಟ್ಟಿರ್ತಾರೆ.”

ಓಡಿತು, ನಾವು ನೋಡಿದ್ದೇವೆ ಎಂದು ಬಾಗಿಲಲ್ಲಿ ನೆರೆದ ಬೀದಿಯವರೆಲ್ಲ ಒಂದೇ ಸಲ ಕೂಗಿದರು. ಅವರು ಅಷ್ಟು ಒಗ್ಗಟ್ಟಾಗಿ ಕೂಗಿದ್ದರಿಂದ ಅವಳ ಅನುಮಾನ ಇನ್ನೂ ಗಟ್ಟಿಯಾಯಿತು. ಓಡಿಸಿ ತೋರಿಸೋಣವೆಂದರೆ ಚಕ್ರ ಎಂಟಾಗಿ ಕೂತಿತ್ತು. ಗುಜರಿಯವನು ಆಗಲೇ ಸ್ಪ್ಯಾನರ್ ತಂದು ಅಜ್ಜನ ಕುರ್ಚಿಯ ನಟ್ಟು ಸಡಿಲಿಸುತ್ತಿದ್ದ.

ಮೇಷ್ಟ್ರು ಕೊನೆಗೆ ನಿಧಾನವಾಗಿ ನಡೆದುಬಂದರು. ಅವರ ತಲೆಯ ಮೇಲೆ ಬ್ರೇಕು ಬಿಚ್ಚಿಕೊಂಡಿತ್ತು.

“ಕೊಡೆ ಬಹಳ ಚೆನ್ನಾಗಿದೆ ಕಣಯ್ಯಾ,” ಎಂದರು. “ಒಂದು ಹನಿ ಬೆವರಿಲ್ಲ. ಇದನ್ನ ನಾನೇ ಇಟ್ಕೋತೀನಿ.” ಹಾಗೆಂದವರೇ ಮನೆಯ ಕಡೆ ಹೊರಟುಬಿಟ್ಟರು.

ಗಂಡ ಹೆಂಡತಿ ನಡೆದುಕೊಂಡೇ ಹಿಂತಿರುಗಿದರು. ಮರವಿಲ್ಲದ ರಸ್ತೆ, ಕಾದ ಡಾಂಬರು. ಕೊಡೆಯಣ್ಣನಿಗೆ ಅಂಗಿ ಹಾಕಿಕೊಳ್ಳುವ ಉತ್ಸಾಹವೂ ಇರಲಿಲ್ಲ. ಅರ್ಧ ದಾರಿಯಲ್ಲಿ ಹೆಂಡತಿ ನಿಂತು ಹಣೆಯ ಬೆವರು ಒರೆಸಿಕೊಂಡಳು.

“ಏನ್ರೀ, ಬಿಸಿಲು ತಡಿಯೋಕಾಗ್ತಿಲ್ಲ. ಒಂದು ಕೊಡೆ ಇದೆಯಾ?”

“ಇಲ್ಲ,” ಎಂದ ಕೊಡೆಯಣ್ಣ.